ಹಗುರ ಮಾಡಿಕೊಟ್ಟ ಕೀಗಳು

ಅಣ್ಣಿಗೇರಿಯಲ್ಲಿ ನನ್ನ ರಿಪೇರಿ ಅಂಗಡಿಯ ಬಾಗಿಲು ಹಾಕಿ ಎರಡು ವರ್ಷವಾಯಿತು. ಈಗಲೂ ತಿಂಗಳಿಗೊಬ್ಬರಾದರೂ ಕ್ಲಾರಿನೆಟ್ ಪೆಟ್ಟಿಗೆಯನ್ನು ಬಗಲಲ್ಲಿ ಇಟ್ಟುಕೊಂಡು ಮನೆ ಹುಡುಕಿಕೊಂಡು ಬರುತ್ತಾರೆ. ಬಂದವರಿಗೆ ಚಹಾ ಕೊಟ್ಟು, ಕಣ್ಣು ಮಂಜಾಗಿದೆ, ಸಣ್ಣ ಸ್ಕ್ರೂ ಕಾಣುವುದಿಲ್ಲ ಎಂದು ಹೇಳಿ ಕಳಿಸುತ್ತೇನೆ. ಹೋದ ತಿಂಗಳು ಕಲಘಟಗಿಯಿಂದ ಬಂದ ಇಬ್ಬರು ರಿಪೇರಿಗೆ ಬಂದವರಲ್ಲ, ಈ ಕೆಲಸವನ್ನೇ ಕಲಿತು ಅಂಗಡಿ ಹಾಕಬೇಕೆಂದು ಬಂದವರು. ಮೊಬೈಲಿನಲ್ಲಿ ನೋಡಿ ಆಗಲೇ ಅರ್ಧ ಕಲಿತಿದ್ದರು. ನಾನು ಆಯುಷ್ಯ ಸವೆಸಿ ಕಲಿತದ್ದು ಅವರ ಫೋನಿನಲ್ಲಿ ಮೂರು ವಿಡಿಯೋದಲ್ಲಿ ಮುಗಿದುಹೋಗಿತ್ತು. ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ. ಹೋಗುವಾಗ ಅವರಲ್ಲೊಬ್ಬ, "ಕಾಕಾ, ವಿಡಿಯೋದಾಗ ಇಲ್ಲದ್ದು ಏನರ ಇದ್ರ ಬರದ ಕೊಡ್ರಿ" ಎಂದ. ಹಾಗಾಗಿ ಬರೆಯಲು ಕುಳಿತಿದ್ದೇನೆ.

ನಮ್ಮದು ಬಡಿಗೇರ ಮನೆತನ. ಅಪ್ಪ ಕೂರಿಗೆ, ರಂಟೆಯಂಥ ಒಕ್ಕಲುತನದ ಸಾಮಾನು, ಬಾಗಿಲ ಚೌಕಟ್ಟು ಮಾಡುತ್ತಿದ್ದ. ಸಾಗವಾನಿ ತರಲು ಅಳ್ನಾವರಕ್ಕೆ ಹೋಗುವಾಗ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದ. ಅಲ್ಲಿ ಸ್ಟೇಶನ್ ರಸ್ತೆಯಲ್ಲಿ ಅಂತೋನ್ ಮಾಸ್ತರ ಎಂಬವರಿದ್ದರು. ಗೋವಾ ಕಡೆಯವರು. ವಯಸ್ಸಿನಲ್ಲಿ ಬ್ಯಾಂಡು ಬಾರಿಸಿ, ಹಲ್ಲು ಹೋದ ಮೇಲೆ ವಾದ್ಯ ರಿಪೇರಿಗೆ ಕೂತವರು. ಅಪ್ಪ ಕಟ್ಟಿಗೆ ಮಾರುವ ಅಡ್ಡೆಯಲ್ಲಿ ದಿಮ್ಮಿ ತಟ್ಟಿ ನೋಡುತ್ತ ಅರ್ಧ ದಿನ ಕಳೆಯುತ್ತಿದ್ದ. ನಾನು ಮಾಸ್ತರರ ಬಾಗಿಲಲ್ಲಿ ನಿಂತು ಕ್ಲಾರಿನೆಟ್ಟಿನ ಮುಚ್ಚಳಗಳು ಎದ್ದು ಬೀಳುವುದನ್ನು ನೋಡುತ್ತಿದ್ದೆ. ಒಂದು ದಿನ ಅವರೇ ಒಳಗೆ ಕರೆದು ಒಂದು ಕ್ಲಾರಿನೆಟ್ ಕೈಗೆ ಕೊಟ್ಟರು.

"ಒಂದೊಂದ ಒತ್ತು. ಯಾವುದು ತಡಾ ಮಾಡಿ ಏಳತೈತಿ, ಹೇಳು."

ನಾನು ಒತ್ತಿ ನೋಡಿ ಎರಡು ಕೀ ತೋರಿಸಿದೆ. ಒಂದು ಸರಿ ಇತ್ತು, ಒಂದು ತಪ್ಪು. ಮಾಸ್ತರರಿಗೆ ಅಷ್ಟೇ ಸಾಕಾಯಿತು. ಮುಂದಿನ ಮೂರು ವರ್ಷ ನಾನು ಅವರ ಹತ್ತಿರ ಇದ್ದೆ. ಮೊದಲ ಆರು ತಿಂಗಳು ಸ್ಕ್ರೂ ಡ್ರೈವರ್ ಮುಟ್ಟಲು ಬಿಡಲಿಲ್ಲ. ಬರೀ ಒತ್ತುವುದು, ಬಿಡುವುದು. ಅಪ್ಪನಿಗೆ ಇದು ತಲೆಹರಟೆ ಕೆಲಸ ಎನಿಸಿತ್ತು. "ಒತ್ತೂದ ಕಲಿಯಾಕ ಅಳ್ನಾವರಕ್ಕ ಯಾಕ ಹೋಗಬೇಕಲೇ, ನಿಮ್ಮವ್ವನ ಕಾಲ ಒತ್ತು" ಎನ್ನುತ್ತಿದ್ದ.

ಹೊಸಬರಿಗಾಗಿ ಇಲ್ಲಿ ಒಂದು ವಿಷಯ ಬಿಡಿಸಿ ಹೇಳುತ್ತೇನೆ, ಮುಂದಿನದು ತಿಳಿಯಲು ಇದು ಬೇಕು. ಕ್ಲಾರಿನೆಟ್ಟಿನಲ್ಲಿ ಎರಡು ಜಾತಿಯ ಕೀಗಳಿರುತ್ತವೆ. ಒಂದು ಜಾತಿ ಯಾವಾಗಲೂ ತೆರೆದಿರುತ್ತದೆ, ಬೆರಳು ಒತ್ತಿದಾಗ ರಂಧ್ರ ಮುಚ್ಚುತ್ತದೆ. ಇನ್ನೊಂದು ಜಾತಿ ಯಾವಾಗಲೂ ಮುಚ್ಚಿರುತ್ತದೆ, ಬೆರಳು ಒತ್ತಿದಾಗ ತೆರೆಯುತ್ತದೆ. ಎರಡಕ್ಕೂ ಸೂಜಿಯಷ್ಟು ಸಣ್ಣ ಸ್ಪ್ರಿಂಗು ಇರುತ್ತದೆ. ಮೊದಲನೆಯದರಲ್ಲಿ ಸ್ಪ್ರಿಂಗು ಮುಚ್ಚಳವನ್ನು ಎತ್ತಿ ಹಿಡಿಯುತ್ತದೆ, ಎರಡನೆಯದರಲ್ಲಿ ಅದುಮಿ ಹಿಡಿಯುತ್ತದೆ. ಬೆರಳಿಗೆ ಮಾತ್ರ ಎರಡೂ ಒಂದೇ ತರಹ ಕಾಣುತ್ತವೆ. ಗಟ್ಟಿಯಾಗಿದೆ ಅಥವಾ ಹಗುರವಾಗಿದೆ, ಇಷ್ಟೇ ಬೆರಳಿಗೆ ಗೊತ್ತು.

ಗಾಳಿ ಸೋರುತ್ತದೆಯೋ ಇಲ್ಲವೋ ನೋಡಲು ಮಾಸ್ತರರು ಎರಡು ಪರೀಕ್ಷೆ ಮಾಡುತ್ತಿದ್ದರು. ಕೊಳವೆಯ ಒಂದು ತುದಿಯನ್ನು ಅಂಗೈಯಿಂದ ಮುಚ್ಚಿ, ಇನ್ನೊಂದು ತುದಿಗೆ ಬಾಯಿಟ್ಟು ಗಾಳಿ ಎಳೆಯುವುದು ಮೊದಲನೆಯದು. ಸೋರದಿದ್ದರೆ ಕೊಳವೆ ತುಟಿಗೆ ಕಚ್ಚಿಕೊಂಡು ನಿಲ್ಲುತ್ತದೆ. ಎರಡನೆಯದು, ಬೀಡಿ ಎಳೆದು ಹೊಗೆಯನ್ನು ಒಳಗೆ ಊದುವುದು. ಯಾವ ಮುಚ್ಚಳದ ಸಂದಿಯಿಂದ ಹೊಗೆ ಬಂದಿತೋ ಅದೇ ಕಳ್ಳ. ನಾನು ಬೀಡಿ ಮುಟ್ಟುವವನಲ್ಲ. ಬಾಯಿಂದ ವಾಸನೆ ಬಂದರೆ ಅವ್ವ ಮನೆಯೊಳಗೆ ಸೇರಿಸುತ್ತಿರಲಿಲ್ಲ. ಹೀಗಾಗಿ ಸ್ವಂತ ಅಂಗಡಿ ಹಾಕಿದ ಮೇಲೆ ಎರಡನೆಯ ಪರೀಕ್ಷೆಯನ್ನು ಕೈಬಿಟ್ಟೆ. ಎಳೆದು ನೋಡಿದರೆ ಗೊತ್ತಾಗುತ್ತದಲ್ಲ, ಊದುವುದು ಯಾಕೆ ಎನಿಸಿತು.

ಅಂಗಡಿ ಹಾಕಿದ ಮೊದಲ ವರ್ಷವೇ ಮರ್ಯಾದೆ ಹೋಯಿತು. ಕುಂದಗೋಳದ ಬ್ಯಾಂಡಿನವನೊಬ್ಬ ಕೀಗಳು ಬಿಗಿಯಾಗಿವೆ ಎಂದು ಕ್ಲಾರಿನೆಟ್ ತಂದ. ಎಣ್ಣೆ ಬೇಕು ಎಂದುಕೊಂಡು, ಮನೆಯಲ್ಲಿದ್ದ ಶೇಂಗಾ ಎಣ್ಣೆಯನ್ನೇ ಹಚ್ಚಿದೆ. ಅಂಗಡಿಯಲ್ಲಿ ಬೆಣ್ಣೆಯ ಹಾಗೆ ಜಾರುತ್ತಿತ್ತು. ಒಳ್ಳೆಯ ಬಿಸಿಲಿನ ದಿನ, ಎರೆಮಣ್ಣಿನ ಧೂಳೆದ್ದ ರಸ್ತೆಯಲ್ಲಿ ಮದುವೆಯ ಮೆರವಣಿಗೆ. ಎಣ್ಣೆ ಮುಚ್ಚಳದಡಿಯ ಮೆತ್ತನೆಯ ಪ್ಯಾಡಿಗೆ ಇಳಿದು, ಧೂಳು ಕೂಡಿ, ಮುಚ್ಚಳಗಳು ಒಂದೊಂದಾಗಿ ರಂಧ್ರಕ್ಕೆ ಅಂಟಿ ಕುಳಿತವು. ಮರುದಿನ ಆತ ಅಂಗಡಿಗೆ ಬಂದು ಕ್ಲಾರಿನೆಟ್ಟನ್ನು ಮೂಗಿನ ಹತ್ತಿರ ಹಿಡಿದು ಮೂಸಿದ.

"ಮಿಸ್ತ್ರಿ, ಉಳ್ಳಾಗಡ್ಡಿ ಕೊಯ್ದ ಹಾಕಿದ್ರ ಒಗ್ಗರಣಿ ಆಕ್ಕಿತ್ತು ನೋಡ್ರಿ" ಎಂದ.

ಆತ ಬೈದಿದ್ದರೆ ನಾನೂ ತಿರುಗಿ ಏನಾದರೂ ಅನ್ನುತ್ತಿದ್ದೆ. ಹೀಗೆ ನಕ್ಕಿದ್ದರಿಂದ ಎಲ್ಲ ಪ್ಯಾಡುಗಳನ್ನೂ ಹೊಸದಾಗಿ ಕೂರಿಸಿಕೊಟ್ಟೆ.

ಆಗ ಪ್ಯಾಡುಗಳನ್ನು ನಾವೇ ಮಾಡುತ್ತಿದ್ದೆವು. ಉಣ್ಣೆಯ ಬಿಲ್ಲೆ ಕತ್ತರಿಸಿ, ಮೇಲೆ ಆಡಿನ ತೆಳು ಚರ್ಮ ಹೊದಿಸಿ, ಅರಗು ಕಾಯಿಸಿ ಅಂಟಿಸಬೇಕಿತ್ತು. ಈಗ ಕೊರಿಯರಿನಲ್ಲಿ ಪೊಟ್ಟಣ ಬರುತ್ತದೆ, ಬಿಡಿಸಿದರೆ ಎಲ್ಲ ಅಳತೆಯವೂ ಇವೆ. ಕೊಳವೆಯೊಳಗೆ ಸಣ್ಣ ದೀಪದ ಸರ ಬಿಟ್ಟರೆ ಸೋರುವ ಕಡೆ ಬೆಳಕು ಇಣುಕುತ್ತದೆ. ಇದೆಲ್ಲ ಒಳ್ಳೆಯದೇ. ಹಳೆಯದೇ ಚಂದ ಎಂದು ನಾನು ಹೇಳುವುದಿಲ್ಲ. ಅರಗು ಸುರಿದು ಸುಟ್ಟುಕೊಂಡ ಗುರುತು ನನ್ನ ಎಡಗೈಯಲ್ಲಿ ಇನ್ನೂ ಇದೆ, ಅದರಲ್ಲಿ ಚಂದವೇನೂ ಇರಲಿಲ್ಲ.

ಆದರೆ ಬೆರಳುಗಳು ಕೊರಿಯರಿನಲ್ಲಿ ಬರುವುದಿಲ್ಲ. ನಮ್ಮ ಕಡೆಯ ಬ್ಯಾಂಡಿನವರು ಲಗ್ನದ ಸುಗ್ಗಿ ಮುಗಿದ ಮೇಲೆ ಹೊಲಕ್ಕೆ ಇಳಿಯುವವರು. ಉಳ್ಳಾಗಡ್ಡಿ ಕೀಳುತ್ತಾರೆ, ಹತ್ತಿ ಬಿಡಿಸುತ್ತಾರೆ, ಕಳೆ ತೆಗೆಯುತ್ತಾರೆ. ಮತ್ತೆ ವಾದ್ಯ ಹಿಡಿಯುವಾಗ ಬೆರಳು ದಡ್ಡುಗಟ್ಟಿರುತ್ತವೆ. ಅಂಥ ಬೆರಳು ಕೀಯನ್ನು ಒತ್ತುವುದಿಲ್ಲ, ತುಳಿಯುತ್ತದೆ. ಕೀಗಳ ಮೇಲಿನ ಬೆಳ್ಳಿಯ ಬಣ್ಣ ಎಲ್ಲೆಲ್ಲಿ ಸವೆದಿದೆ ಎಂದು ನೋಡಿಯೇ ಇದು ಯಾರ ಕ್ಲಾರಿನೆಟ್ ಎಂದು ನಾನು ಹೇಳುತ್ತಿದ್ದೆ. ಒಬ್ಬನಂತೂ ಕೀಯನ್ನು ಎಷ್ಟು ಒತ್ತುತ್ತಿದ್ದನೆಂದರೆ ವರ್ಷಕ್ಕೊಮ್ಮೆ ಅದು ಬಗ್ಗುತ್ತಿತ್ತು. ಪ್ಯಾಡಿನ ಕೆಳಗೆ ತೆಳ್ಳನೆಯ ಕಾಗದದ ಪಟ್ಟಿ ಇಟ್ಟು, "ಬೆರಳಿನ ಭಾರ ಅಷ್ಟ ಬಿಡ್ರಿ, ಒತ್ತಬ್ಯಾಡ್ರಿ" ಎಂದೆ. ಎಳೆದರೆ ಕಾಗದ ಬರಲಿಲ್ಲ. ಅಷ್ಟೇ ಭಾರಕ್ಕೆ ಮುಚ್ಚಳ ಪೂರ್ತಿ ಮುಚ್ಚಿತ್ತು. ಆತ ನನ್ನ ಮುಖ ನೋಡಿ, "ಮತ್ತ ಇಷ್ಟ ವರ್ಷ ನಾ ಯಾರನ್ನ ಒತ್ತಿದ್ನಿರಿ?" ಎಂದು ಕೇಳಿದ. ಅವತ್ತು ಇಬ್ಬರೂ ಬಹಳ ನಕ್ಕೆವು.

ಇನ್ನು ಫಕ್ಕೀರಪ್ಪಣ್ಣನ ವಿಷಯ. ಇಲ್ಲಿಯವರೆಗೆ ಬರೆದದ್ದು ಇದಕ್ಕೆ ಧೈರ್ಯ ತಂದುಕೊಳ್ಳಲು ಎಂದರೂ ನಡೆದೀತು.

ಫಕ್ಕೀರಪ್ಪಣ್ಣ ಯಮನೂರಿನವರು, ನನಗಿಂತ ಐದಾರು ವರ್ಷ ದೊಡ್ಡವರು. ನವಲಗುಂದದ ಒಂದು ಬ್ಯಾಂಡಿನಲ್ಲಿ ಊದುತ್ತಿದ್ದರು. ಈ ಸುತ್ತಿನಲ್ಲಿ ಬಾಸ್ ಕ್ಲಾರಿನೆಟ್ ಇದ್ದದ್ದು ಅವರೊಬ್ಬರ ಹತ್ತಿರ ಮಾತ್ರ. ಅಂತೋನ್ ಮಾಸ್ತರರು ಕೊನೆಗಾಲದಲ್ಲಿ ನನ್ನ ಕೈಯಿಂದಲೇ ಅದನ್ನು ಅವರಿಗೆ ಕಳಿಸಿದ್ದರು. ಸಾದಾ ಕ್ಲಾರಿನೆಟ್ಟಿನ ಎರಡರಷ್ಟು ಉದ್ದ, ಮೇಲೆ ಬಾಗಿದ ಕುತ್ತಿಗೆ, ಕೆಳಗೆ ಮೇಲ್ಮುಖವಾಗಿ ತಿರುಗಿದ ಹಿತ್ತಾಳೆ ಬಾಯಿ. ಹುಡುಗರು ಅದಕ್ಕೆ ಹುಕ್ಕಾ ಎಂದು ಹೆಸರಿಟ್ಟಿದ್ದರು. ಉಳಿದವರೆಲ್ಲ ಮೇಲೆ ಕಿರುಚುವಾಗ ಫಕ್ಕೀರಪ್ಪಣ್ಣ ತಳದಲ್ಲಿ ಒಂದು ಸ್ವರ ಹಿಡಿದು ನಿಲ್ಲುತ್ತಿದ್ದರು. ಅದು ಕಿವಿಗಿಂತ ಮೊದಲು ಎದೆಗೆ ತಗಲುತ್ತಿತ್ತು. ಮೆರವಣಿಗೆ ನೋಡುವ ಜನಕ್ಕೆ ಅವರು ಏನು ಊದುತ್ತಿದ್ದಾರೆ ಎನ್ನುವುದೇ ಗೊತ್ತಾಗುತ್ತಿರಲಿಲ್ಲ. ಅವರು ಬಾರದ ದಿನ ಮಾತ್ರ ಬ್ಯಾಂಡು ತೆಳ್ಳಗೆ ಕೇಳುತ್ತಿತ್ತು.

ಆ ವಾದ್ಯದ ಕೀಗಳು ಬೇರೆ ತರಹ. ರಂಧ್ರಗಳು ದೊಡ್ಡವು, ದೂರ ದೂರ ಇರುವಂಥವು. ಬೆರಳು ಅಲ್ಲಿಗೆ ಮುಟ್ಟುವುದಿಲ್ಲ. ಬೆರಳಿನ ಕೆಳಗೆ ಒಂದು ತಟ್ಟೆ, ಅಲ್ಲಿಂದ ಉದ್ದನೆಯ ಕಡ್ಡಿ, ಕಡ್ಡಿಯ ಕೊನೆಗೆ ಮುಚ್ಚಳ. ಇಲ್ಲಿ ಒತ್ತಿದರೆ ಮೊಳದಾಚೆ ಮುಚ್ಚುತ್ತದೆ. ಆದ್ದರಿಂದ ರಂಧ್ರ ಮುಚ್ಚಿತೋ ಇಲ್ಲವೋ ಎನ್ನುವುದನ್ನು ಬೆರಳು ಆ ತಟ್ಟೆ ಹೇಗೆ ಇಳಿಯಿತು, ಹೇಗೆ ತಳ ಮುಟ್ಟಿತು ಎನ್ನುವುದರಿಂದಲೇ ತಿಳಿದುಕೊಳ್ಳಬೇಕು.

ನಾನು ಅಂಗಡಿ ಮುಚ್ಚುವ ಮೂರ್ನಾಲ್ಕು ವರ್ಷ ಮೊದಲು ಒಂದು ಮುಂಜಾನೆ ಫಕ್ಕೀರಪ್ಪಣ್ಣ ಬಂದರು. "ಈರಪ್ಪಾ, ಕೀ ಯಾಕೋ ಗಟ್ಟಿ ಆಗ್ಯಾವ. ಸ್ವಲ್ಪ ಹಗುರ ಮಾಡಿ ಕೊಡು."

ನಾನು ಒತ್ತಿ ನೋಡಿದೆ. ನನಗೇನೂ ಗಟ್ಟಿ ಎನಿಸಲಿಲ್ಲ. ಆದರೂ ಹಿರಿಯರು, ಇಷ್ಟು ವರ್ಷ ಊದಿದವರು. ನನ್ನ ಬೆರಳಿಗಿಂತ ಅವರ ಬೆರಳು ನಿಜ ಎಂದುಕೊಂಡು ಸ್ಪ್ರಿಂಗುಗಳನ್ನು ಸ್ವಲ್ಪ ಸಡಿಲಿಸಿದೆ. ಅಂಗಡಿಯಲ್ಲೇ ಕುಳಿತು ಮೆಲ್ಲಗೆ ಊದಿ ನೋಡಿ, "ಈಗ ಅಡ್ಡಿ ಇಲ್ಲ" ಎಂದು ಹೋದರು. ತಿಂಗಳು ಕಳೆಯುವುದರೊಳಗೆ ಮತ್ತೆ ಬಂದರು. ಮತ್ತೆ ಅದೇ ಮಾತು. ಮತ್ತೆ ಸಡಿಲಿಸಿದೆ. ಮೂರನೆಯ ಸಲ ಬಂದಾಗ ನನಗೂ ಹಟ ಬಂತು. ಈ ಸಲ ದೂರು ಬರಲೇಬಾರದು ಎಂದು ಒಂದೂ ಬಿಡದೆ ಎಲ್ಲ ಸ್ಪ್ರಿಂಗುಗಳನ್ನೂ ಬಗ್ಗಿಸಿದೆ. ಎಡಗೈ ತೋರುಬೆರಳಿನ ಹತ್ತಿರ, ಕುತ್ತಿಗೆಯ ಕೆಳಗೆ ಇರುವ ಸಣ್ಣ ಕೀಯನ್ನೂ ಬಿಡಲಿಲ್ಲ. ಅದು ಯಾವಾಗಲೂ ಮುಚ್ಚಿರಬೇಕಾದ ಜಾತಿಯದು. ಎಳೆದು ನೋಡಿದೆ, ಕೊಳವೆ ತುಟಿಗೆ ಕಚ್ಚಿಕೊಂಡಿತು. ಸರಿ ಇದೆ ಎಂದು ಕೊಟ್ಟೆ. ಅವರು ಮೆಲ್ಲಗೆ ಊದಿ ನೋಡಿದರು, ಕೀಗಳು ಹೂವಿನಷ್ಟು ಹಗುರ. ನನ್ನ ಕೆಲಸಕ್ಕೆ ನಾನೇ ಹಿಗ್ಗಿದೆ.

ಆ ವಾರ ಕುಬಿಹಾಳದಲ್ಲಿ ಶಾಲೆಯ ಮಾಸ್ತರೊಬ್ಬರ ನಿವೃತ್ತಿ. ಊರವರು ಅವರನ್ನು ಸಿಂಗರಿಸಿದ ಎತ್ತಿನ ಗಾಡಿಯಲ್ಲಿ ಕೂರಿಸಿ ಬ್ಯಾಂಡು ಹಚ್ಚಿ ಮೆರೆಸಿದರು. ನಾನು ಅಲ್ಲಿ ಇರಲಿಲ್ಲ. ಏನಾಯಿತು ಎಂದು ಮರುದಿನ ಫಕ್ಕೀರಪ್ಪಣ್ಣನೇ ಬಂದು ಹೇಳಿದರು. ಅವರು ಪೆಟ್ಟಿಗೆಯನ್ನು ನನ್ನ ಮೇಜಿನ ಮೇಲೆ ಇಡಲಿಲ್ಲ, ಕೆಳಗೆ ಗೋಡೆಗೆ ಆನಿಸಿ ಇಟ್ಟರು.

"ತಳದ ಸ್ವರ ಬರಲೇ ಇಲ್ಲ, ಈರಪ್ಪಾ. ಎಷ್ಟ ಊದಿದ್ರೂ ಮ್ಯಾಲ ಕೀಚ್ ಅಂತು. ಮಂದಿ ಹೊಳ್ಳಿ ನೋಡಿ ನಕ್ಕರು. ನಮ್ಮ ಬ್ಯಾಂಡಿನ ಯಜಮಾನ ಬಂದು 'ಮಾಮಾ, ನೀವು ಗಾಡಿ ಹಿಂದ ಬರ್ರಿ' ಅಂದ. ಕೊರಳಾಗ ಹಾಕ್ಕೊಂಡು ಸುಮ್ಮನ ಹಿಂದ ನಡದೆ."

"ವಾದ್ಯ ನೋಡತೀನಿ ತಡೀರಿ" ಎಂದೆ.

"ವಾದ್ಯ ಏನೂ ಆಗಿಲ್ಲ. ನಿನಗ ಹೇಳಿರಲಿಲ್ಲ, ನನಗ ಶುಗರ್ ಐತಿ. ಬೆರಳಿನ ತುದಿ ಮರಗಟ್ಯಾವ, ಬಲಗೈಯಾಗ ಜಾಸ್ತಿ. ಕೀ ಗಟ್ಟಿ ಆಗಿದ್ದಿಲ್ಲ, ನನ್ನ ಕೈ ಸತ್ತಿತ್ತು." ಬೆರಳುಗಳನ್ನು ಮಡಚಿ ಬಿಚ್ಚಿ ನನಗೆ ತೋರಿಸಿದರು. "ಗಿರಾಕಿ ಬಂದ್ರ ಕೊಟ್ಟ ಬಿಡು. ಮನ್ಯಾಗ ಇದ್ರ ಕಣ್ಣಿಗೆ ಬೀಳತೈತಿ."

ನಾನು ನಂಬಿದೆ. ರೋಗ ನಿಜ, ಬೆರಳು ಮರಗಟ್ಟಿದ್ದು ನಿಜ, ಸ್ವರ ಬರಲಿಲ್ಲ ಎನ್ನುವುದೂ ನಿಜ. ಮೂರನ್ನೂ ಸೇರಿಸಿ ನೋಡಿದರೆ ಕೂಡಿಕೊಂಡವು. ನನಗೆ ಅವರ ಮೇಲೆ ಬಹಳ ಕನಿಕರ ಬಂತು. ಆ ಪೆಟ್ಟಿಗೆಯನ್ನು ಅಟ್ಟದ ಮೇಲೆ ಇಟ್ಟೆ. ತೆಗೆದು ಒಮ್ಮೆ ನೋಡಬಹುದಿತ್ತು. ನೋಡಲಿಲ್ಲ.

ಎಂಟು ತಿಂಗಳಾದ ಮೇಲೆ ಗೋವಾದ ವಾದಕನೊಬ್ಬ ಅದನ್ನು ಕೊಳ್ಳಲು ಬಂದ. ಒಳ್ಳೆಯ ಧಡೂತಿ ಆಳು. ಊದುಬಾಯಿಯ ರೀಡನ್ನು, ಅಂದರೆ ಬಿದಿರಿನಂಥ ತೆಳ್ಳನೆಯ ಸೀಳನ್ನು, ನಾಲಿಗೆಯಿಂದ ಒದ್ದೆ ಮಾಡಿ ಕಟ್ಟಿ, ಮೆಲ್ಲಗೆ ಊದಿ ತಲೆ ಆಡಿಸಿದ. ಆಮೇಲೆ ಅಂಗಡಿ ನಡುಗುವ ಹಾಗೆ ಪೂರ್ತಿ ಉಸಿರು ಬಿಟ್ಟ. ಕೀಚ್ ಎಂದಿತು. ಮತ್ತೆ ಬಿಟ್ಟ. ಮತ್ತೆ ಕೀಚ್. ಪಕ್ಕದ ದರ್ಜಿ ಹೊರಗೆ ಬಂದು ಇಣುಕಿದ.

"ಮಿಸ್ತ್ರಿ, ಇದು ಮ್ಯಾಲ ಎಲ್ಲೋ ಸೋರತೈತಿ" ಎಂದ ಆತ.

ಆತನ ಬೆರಳು ಚೆನ್ನಾಗಿದ್ದವು. ಬಾಜೂ ಪಾನ್ ಅಂಗಡಿಯಿಂದ ಒಂದು ಬೀಡಿ ತರಿಸಿ ಆತನ ಕೈಗೇ ಕೊಟ್ಟು, ಹೊಗೆ ಊದಲು ಹೇಳಿದೆ. ಮೆಲ್ಲಗೆ ಊದಿದಾಗ ಎಲ್ಲೂ ಏನೂ ಇಲ್ಲ. ಜೋರಾಗಿ ಊದಿದ ಕೂಡಲೇ ಕುತ್ತಿಗೆಯ ಕೆಳಗಿನ ಆ ಸಣ್ಣ ಮುಚ್ಚಳ ಕೂದಲೆಳೆಯಷ್ಟು ಎದ್ದು, ಸಂದಿಯಿಂದ ಹೊಗೆ ನೂಲಿನ ಹಾಗೆ ಹೊರಗೆ ಬಂತು.

ನಾನು ಅದರ ಸ್ಪ್ರಿಂಗನ್ನು ಎಷ್ಟು ಸಡಿಲಿಸಿದ್ದೆನೆಂದರೆ ಅದಕ್ಕೆ ಮುಚ್ಚಳ ಅದುಮಿ ಹಿಡಿಯುವ ಬಲವೇ ಉಳಿದಿರಲಿಲ್ಲ. ಬಾಯಿಂದ ಗಾಳಿ ಎಳೆದು ನೋಡಿದಾಗ ಆ ಎಳೆತವೇ ಮುಚ್ಚಳವನ್ನು ಕೆಳಗೆ ಒತ್ತಿ ಹಿಡಿಯುತ್ತಿತ್ತು, ಹಾಗಾಗಿ ನನ್ನ ಪರೀಕ್ಷೆಯಲ್ಲಿ ಅದು ಪಾಸಾಯಿತು. ಅಂಗಡಿಯಲ್ಲಿ ಮೆಲ್ಲಗೆ ಊದಿದಾಗಲೂ ಪಾಸಾಯಿತು. ಮೆರವಣಿಗೆಯಲ್ಲಿ ಮನುಷ್ಯ ಎದೆ ತುಂಬಿ ಊದುತ್ತಾನೆ. ಮೇಲೆ ಅಷ್ಟು ಸೋರಿದರೂ ಸಾಕು, ತಳದ ಸ್ವರಗಳು ಒಂದೂ ಬರುವುದಿಲ್ಲ. ಕುಬಿಹಾಳದಲ್ಲಿ ಕೆಟ್ಟದ್ದು ಫಕ್ಕೀರಪ್ಪಣ್ಣನ ಕೈ ಅಲ್ಲ, ನನ್ನದು.

ಗೋವಾದವನು, "ಸ್ಪ್ರಿಂಗ್ ಸರಿ ಮಾಡ್ರಿ, ನಾ ಈಗ ಒಯ್ಯತೀನಿ" ಎಂದ. ಕಾಲು ತಾಸಿನ ಕೆಲಸ. ಮಾಡಿ ಕೊಟ್ಟಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆ ಯೋಚನೆ ನನಗೆ ಬರಲಿಲ್ಲ ಎಂದು ಬರೆದರೆ ಅದು ಸುಳ್ಳಾಗುತ್ತದೆ. ಬಂತು, ಸ್ವಲ್ಪ ಹೊತ್ತು ಕುಳಿತೂ ಇತ್ತು. ಆಮೇಲೆ ಆತನಿಗೆ ಕೈ ಮುಗಿದು, ಇದು ಮಾರುವ ವಾದ್ಯ ಅಲ್ಲ, ತಪ್ಪು ನನ್ನದು ಎಂದು ಹೇಳಿ ಬಸ್ಸಿಗೆ ಹತ್ತಿಸಿದೆ. ಆತ ಕೊಂಕಣಿಯಲ್ಲಿ ಏನೋ ಗೊಣಗಿದ. ಅರ್ಥವಾಗದ್ದು ಒಳ್ಳೆಯದೇ ಆಯಿತು.

ಮರುದಿನ ಬೆಳಿಗ್ಗೆ ಎಲ್ಲ ಸ್ಪ್ರಿಂಗುಗಳನ್ನೂ ಮೊದಲಿನ ಬಲಕ್ಕೆ ತಂದು, ಪೆಟ್ಟಿಗೆ ಹೊತ್ತುಕೊಂಡು ಯಮನೂರಿಗೆ ಹೋದೆ. ಫಕ್ಕೀರಪ್ಪಣ್ಣ ಕಟ್ಟೆಯ ಮೇಲೆ ಕುಳಿತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದರು. ಪೆಟ್ಟಿಗೆ ಕಂಡದ್ದೇ ಮುಖ ಬಿಗಿಯಿತು. ನಾನು ಕೂರುವ ಮೊದಲೇ ಹೇಳಿಬಿಟ್ಟೆ. ಕೂತರೆ ಹೇಳಲಾರೆ ಎಂದು ಹೆದರಿಕೆ ಇತ್ತು. ಸ್ಪ್ರಿಂಗು, ಮುಚ್ಚಳ, ಬೀಡಿ ಹೊಗೆ, ಎಲ್ಲವನ್ನೂ ಹೇಳಿದೆ.

ಅವರು ಕೈಯಲ್ಲಿದ್ದ ಮೆಣಸಿನಕಾಯಿಯನ್ನು ಮೊರಕ್ಕೆ ಹಾಕಿದರು.

"ಎಂಟ ತಿಂಗಳ ನಾ ನನ್ನ ಕೈ ಬೈಕೋತ ಕುಂತೀನಿ."

"ಹೌದಣ್ಣಾ."

"ದಿನಾ ಬೈದೀನಿ. ಉಣ್ಣುವಾಗೂ ಬೈದೀನಿ. ನೀ ಒಮ್ಮೆ ಪೆಟಗಿ ತೆರದು ನೋಡಲಿಲ್ಲ?"

"ನೋಡಲಿಲ್ಲಣ್ಣಾ. ತಪ್ಪಾತು."

"ತಪ್ಪಾತು ಅಂದ್ರ ಆತೇನಲೇ?" ಎಂದು ಗದರಿದರು. ಒಳಗಿನಿಂದ ಅವರ ಹೆಂಡತಿ ಶಾಂತವ್ವ ಬಾಗಿಲಿಗೆ ಬಂದು ನಿಂತರು. ನಾನು ತಲೆ ತಗ್ಗಿಸಿ ನಿಂತೆ. ನನ್ನ ಕಣ್ಣಲ್ಲಿ ನೀರು ಬಂದಿತ್ತು. ಅದು ಅವರಿಗೆ ಕಾಣದಿರಲಿ ಎಂದು ಬಾಗಿ ಪೆಟ್ಟಿಗೆ ಬಿಚ್ಚಿದೆ.

ಬಹಳ ಹೇಳಿಸಿಕೊಂಡ ಮೇಲೆ ವಾದ್ಯ ತೆಗೆದುಕೊಂಡರು. ಕೈ ತೊಳೆದು ಬಂದು ಕೊರಳಿಗೆ ಪಟ್ಟಿ ಹಾಕಿಕೊಂಡರು. ಊದಿದಾಗ ಮೊದಲ ಎರಡು ಸ್ವರ ಚೆನ್ನಾಗಿ ಬಂದವು. ಬಲಗೈ ಬೆರಳುಗಳು ಇಳಿಯುವ ಕಡೆ ತೊಡರಿತು. ಒಂದು ತಟ್ಟೆ ಅರ್ಧ ಇಳಿದಿತ್ತು, ಅವರು ಪೂರ್ತಿ ಇಳಿದಿದೆ ಎಂದುಕೊಂಡಿದ್ದರು. ಮತ್ತೆ ಪ್ರಯತ್ನಿಸಿದರು, ಮತ್ತೆ ಹಾಗೇ ಆಯಿತು. ವಾದ್ಯವನ್ನು ತೊಡೆಯ ಮೇಲೆ ಇಟ್ಟುಕೊಂಡರು.

"ನಿಂದೂ ತಪ್ಪು, ನಂದೂ ತಪ್ಪು. ಬೆರಳಿಗೆ ಗೊತ್ತ ಆಗವಲ್ದು. ಬಿಡು, ಒಯ್ಯಿ" ಎಂದರು.

ಈಗ ಸಿಟ್ಟೂ ಇರಲಿಲ್ಲ. ಸಿಟ್ಟಿದ್ದಾಗಲೇ ಚೆನ್ನಾಗಿತ್ತು ಎನಿಸಿತು ನನಗೆ. ಅಷ್ಟರಲ್ಲಿ ಶಾಂತವ್ವ ಚಹಾ ತಂದರು. ನನಗೆ ಸ್ಟೀಲಿನ ಲೋಟ, ಫಕ್ಕೀರಪ್ಪಣ್ಣನಿಗೆ ದಪ್ಪನೆಯ ಹಿತ್ತಾಳೆ ಲೋಟ. ನಾನು ನೋಡಿದ್ದನ್ನು ಕಂಡು ಶಾಂತವ್ವ ಹೇಳಿದರು:

"ಸ್ಟೀಲಿನ್ದು ಕೊಟ್ರ ಕೆಡವತಾರ್ರಿ. ಹಗುರ ಇರತೈತಲ್ಲ, ಕೈಯಾಗ ಐತೋ ಇಲ್ಲೋ ಅಂತ ಗೊತ್ತಾಗಂಗಿಲ್ಲ ಅವರಿಗೆ. ಇದು ವಜ್ಜಾ ಐತಿ, ಬೀಳಂಗಿಲ್ಲ."

ಲೋಟ ನನ್ನ ಕೈಯಲ್ಲೇ ಉಳಿಯಿತು. ಮೂರು ಸಲ ಅಂಗಡಿಗೆ ಬಂದು ಅವರು ಹಗುರ ಮಾಡು ಎಂದಿದ್ದರು. ತಟ್ಟೆ ಇಳಿದದ್ದು ಬೆರಳಿಗೆ ತಿಳಿಯದ್ದನ್ನೇ ಅವರು ಗಟ್ಟಿ ಎಂದುಕೊಂಡಿದ್ದರು. ಮರಗಟ್ಟಿದ ಬೆರಳಿಗೆ ಎದುರಿನಿಂದ ಒತ್ತು ಬಂದರೆ ಮಾತ್ರ ಅಲ್ಲಿ ಏನೋ ಇದೆ ಎಂದು ತಿಳಿಯುತ್ತದೆ. ನಾನು ಆ ಒತ್ತನ್ನೇ ಮೂರು ಕಂತಿನಲ್ಲಿ ತೆಗೆದುಹಾಕಿದ್ದೆ. ಅವರಿಗೆ ಬೇಕಾಗಿದ್ದದ್ದು ಕೇಳಿದ್ದಕ್ಕೆ ಸರಿಯಾಗಿ ಉಲ್ಟಾ.

ಜೋಬಿನಲ್ಲಿ ಸ್ಪ್ರಿಂಗು ಬಗ್ಗಿಸುವ ಕೊಕ್ಕೆ ಇತ್ತು. ಚಹಾ ಅಲ್ಲೇ ಇಟ್ಟು, ಬಲಗೈಯ ಒಂದು ತಟ್ಟೆಯ ಸ್ಪ್ರಿಂಗನ್ನು ಮೊದಲು ಇದ್ದದ್ದಕ್ಕಿಂತ ಗಟ್ಟಿ ಮಾಡಿದೆ. ಯಾವ ವಾದಕ ನೋಡಿದರೂ ಬೈಯುವಷ್ಟು ಗಟ್ಟಿ. "ಒತ್ತಿ ನೋಡ್ರಣ್ಣಾ" ಎಂದೆ. ಒತ್ತಿದರು. ಬಿಟ್ಟರು. ಮತ್ತೆ ಒತ್ತಿದರು. ಹುಬ್ಬು ಗಂಟಾಯಿತು.

"ಇದು ತಿರುಗಿ ನೂಕತೈತಿ."

"ತಳಾ ಮುಟ್ಟಿದ್ದು ಗೊತ್ತಾತೇನು?"

"ಆತು" ಎಂದರು. ಆಮೇಲೆ, "ಬಾಜೂದೂ ಮಾಡು" ಎಂದರು.

ಬಿಸಿಲು ಕಟ್ಟೆಯ ಈ ತುದಿಯಿಂದ ಆ ತುದಿಗೆ ಸರಿಯುವ ತನಕ ಕೆಲಸ ಮಾಡಿದೆ. ಒಂದೊಂದು ಸ್ಪ್ರಿಂಗಿಗೂ ಅವರು ಒತ್ತಿ, ಸಾಲದು, ಇನ್ನೂ ಸ್ವಲ್ಪ, ಹಾಂ ಸಾಕು ಎಂದು ಹೇಳುತ್ತ ಹೋದರು. ನನ್ನ ಕೈಗೆ ಏನೆನಿಸುತ್ತದೆ ಎಂದು ನಾನು ಒಮ್ಮೆಯೂ ನೋಡಲಿಲ್ಲ. ಮುಚ್ಚಿರಬೇಕಾದ ಕೀಗಳನ್ನು ಎರಡೆರಡು ಸಲ ಪರೀಕ್ಷಿಸಿದೆ. ಶಾಂತವ್ವ ಪಕ್ಕದ ಮನೆಯಿಂದ ಬೀಡಿ ಇಸಿದುಕೊಂಡು ಬಂದರು. ಫಕ್ಕೀರಪ್ಪಣ್ಣನೇ ಹೊಗೆ ಊದಿದರು, ಕೆಮ್ಮಿದರು, ಎಲ್ಲೂ ಸೋರಲಿಲ್ಲ.

ಆಮೇಲೆ ಎದ್ದು ನಿಂತು, ಮೆರವಣಿಗೆಯಲ್ಲಿ ನಿಲ್ಲುವ ಹಾಗೆ ಕಾಲು ಅಗಲಿಸಿ, ಎದೆ ತುಂಬಿ ಊದಿದರು. ಬೆರಳುಗಳು ಮೆಲ್ಲಗೆ ಒಂದೊಂದಾಗಿ ಇಳಿದವು. ಬಲಗೈ ಕಿರುಬೆರಳು ಕೊನೆಯ ತಟ್ಟೆಯನ್ನು ಹುಡುಕಿ, ಸಿಕ್ಕಮೇಲೆ ಒತ್ತಿತು. ತಳದ ಸ್ವರ ಬಂತು. ಶುರುವಿನಲ್ಲಿ ಸ್ವಲ್ಪ ನಡುಗಿ, ಆಮೇಲೆ ನಿಂತಿತು. ಮೊರದಲ್ಲಿದ್ದ ಮೆಣಸಿನಕಾಯಿಯ ಬೀಜಗಳು ಅದುರುತ್ತಿದ್ದವು. ಶಾಂತವ್ವ ಸೆರಗನ್ನು ಬಾಯಿಗೆ ಒತ್ತಿ ಹಿಡಿದು ಬಾಗಿಲಿಗೆ ಒರಗಿದರು.

ಉಸಿರು ಮುಗಿಯುವ ತನಕ ಅವರು ಅದನ್ನು ಬಿಡಲಿಲ್ಲ. ಮುಗಿದ ಮೇಲೆ ನನ್ನ ಕಡೆ ನೋಡಿದರು. ಏನಾದರೂ ಒಳ್ಳೆಯ ಮಾತು ಬರಬಹುದು ಎಂದು ನಾನು ಕಾಯುತ್ತಿದ್ದೆ, ಇದನ್ನು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ.

"ನೀ ಈಗ ಹೋಗು, ಈರಪ್ಪಾ" ಎಂದರು. "ನನಗ ಎಂಟ ತಿಂಗಳದ್ದು ಊದೂದೈತಿ."

ನಾನು ಚಪ್ಪಲಿ ಮೆಟ್ಟಿಕೊಂಡು ಹೊರಟೆ. ಓಣಿಯ ತಿರುವು ದಾಟುವ ಮೊದಲೇ ಅವರು ಮತ್ತೆ ಶುರು ಮಾಡಿದ್ದರು.